ಅಮ್ಮ ತೊದಲಿದ ಸಿ.ಡಿ.

ಅಕ್ಕನ ಮದುವೆಯ ವಿಡಿಯೊ ಮೂರು ಗಂಟೆಯದು. ಅದನ್ನು ಒಂದೇ ಒಂದು ಸಿ.ಡಿ.ಯಲ್ಲಿ ಹಿಡಿಸಬೇಕೆಂದು ಅಪ್ಪನ ಹುಕುಂ ಆಯಿತು. ಎರಡು ಸಿ.ಡಿ. ಮಾಡಿ ಹಂಚಿದರೆ ನಮ್ಮ ಬಂಧುಗಳು ಎರಡನೆಯದನ್ನು ಕಳೆದೇ ಕಳೆಯುತ್ತಾರೆ ಎಂಬುದು ಅವರ ಖಚಿತ ಅಭಿಪ್ರಾಯ. ನಮ್ಮ ಮನೆಯಲ್ಲೇ ಮಧ್ಯಂತರದವರೆಗೆ ಮಾತ್ರ ಉಳಿದಿದ್ದ ಸಿನಿಮಾಗಳು ಒಂದು ಡಬ್ಬದ ತುಂಬ ಇದ್ದುದರಿಂದ ನಾನು ವಾದಕ್ಕೆ ಹೋಗಲಿಲ್ಲ.

ಮದುವೆ ನಡೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನಾನು ಹೇಳುತ್ತಿರುವುದು ಅದಾಗಿ ಕೆಲವು ವರ್ಷಗಳ ನಂತರದ ಮಾತು. ಪೆನ್ ಡ್ರೈವ್ ಎಂಬುದು ಇನ್ನೂ ದೊಡ್ಡ ಅಧಿಕಾರಿಗಳ ಕೊರಳಲ್ಲಿ ತಾಳಿಯ ಹಾಗೆ ನೇತಾಡುತ್ತಿದ್ದ ಕಾಲ. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು. ಅಕ್ಕ ಗಂಡನ ಜೊತೆ ಊರಿನ ಇನ್ನೊಂದು ಮೂಲೆಯ ಪುರಸೈವಾಕ್ಕಂನಲ್ಲಿದ್ದಳು. ತ್ರಿಪ್ಲಿಕೇನಿನ ಬಾಡಿಗೆ ಮನೆಯಲ್ಲಿ ಅಪ್ಪ, ನಾನು, ಅಪ್ಪನ ರೇಡಿಯೊ, ನನ್ನ ಕಂಪ್ಯೂಟರ್, ಇಷ್ಟೇ ಉಳಿದಿದ್ದೆವು.

ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಪ್ಪನಿಗೋ ಕಿವಿಯೇ ಪ್ರಪಂಚ. ವಿಮಾ ಕಂಪನಿಯ ಆಫೀಸು ಮುಗಿದರೆ ಯಾವುದಾದರೂ ಸಭಾದಲ್ಲಿ ಸಂಗೀತ ಕಚೇರಿ. ಕಚೇರಿ ಇಲ್ಲದ ದಿನ ರೇಡಿಯೊ. ಊಟಕ್ಕೆ ಕೂತಾಗಲೂ ಅದು ಎಲೆಯ ಪಕ್ಕದಲ್ಲೇ ಇರಬೇಕು. ಬಾಯಿ ತೆರೆದರೆ ಯಾರು ಯಾವ ರಾಗಕ್ಕೆ ಎಷ್ಟು ಅನ್ಯಾಯ ಮಾಡಿದರು ಎಂಬ ಮಾತು. ಅಮ್ಮನಿಗೆ ರಾಗಗಳ ತಂಟೆ ಇರಲಿಲ್ಲ. ಹೂಂಗುಟ್ಟುತ್ತ ಹುಳಿ ಬಡಿಸುತ್ತಿದ್ದಳು.

ಅಮ್ಮನ ಮಾತೆಲ್ಲ ಅಕ್ಕನ ಜೊತೆ, ಅದೂ ಕೈಯಲ್ಲಿ. ಅಕ್ಕ ಕಿವುಡ ಮಕ್ಕಳ ಶಾಲೆಗೆ ಸೇರುವ ಮೊದಲೇ ಇಬ್ಬರೂ ಅಡುಗೆಮನೆಯಲ್ಲಿ ಕೂತು ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಎರಡು ಬೆರಳು ಸೇರಿಸಿ ಮೂಗಿಗೆ ಒತ್ತಿದರೆ ನಶ್ಯ ಸೇದುವ ಮನೆ ಮಾಲೀಕರು. ಎರಡು ಮುಷ್ಟಿಗಳನ್ನು ಮೇಲೆ ಕೆಳಗೆ ಆಡಿಸಿದರೆ ಕಾಫಿ. ಅಂಗೈ ಮೇಲೆ ಊದಿದರೆ ಕರೆಂಟು ಹೋಯಿತು. ಜಡೆ ಎಳೆದಂತೆ ಮಾಡಿದರೆ ನಾನು. ಶಾಲೆಯಿಂದ ಅಕ್ಕ ಹೊಸ ಹೊಸ ಸನ್ನೆಗಳನ್ನು ಮನೆಗೆ ತಂದಾಗ ಅಮ್ಮ ಬೇಕಾದ್ದನ್ನು ಆರಿಸಿಕೊಂಡು ಮಿಕ್ಕದ್ದನ್ನು ಸೊಪ್ಪಿನ ದಂಟಿನ ಹಾಗೆ ಆಚೆ ಹಾಕಿದಳು.

ನಾಲ್ಕು ಜನರ ಎದುರು ಕೈ ಬೀಸಿ ಮಾತಾಡಲು ಅಮ್ಮನಿಗೆ ಸಂಕೋಚ. ಅದಕ್ಕೇ ಅವಳ ಕೈಮಾತು ಸೊಂಟದ ಮಟ್ಟದಲ್ಲಿ, ಸೆರಗಿನ ಅಂಚಿನಲ್ಲಿ, ಬರೀ ಬೆರಳ ತುದಿಯಲ್ಲಿ ನಡೆದುಹೋಗುತ್ತಿತ್ತು. ವೇಗವೂ ಜಾಸ್ತಿ. ಅಕ್ಕನ ಜೊತೆ ನಾನು ನಿಧಾನವಾಗಿ ಮಾತಾಡಬಲ್ಲೆ, ಆದರೆ ಅವರಿಬ್ಬರ ನಡುವೆ ನಡೆಯುವುದರಲ್ಲಿ ನನಗೆ ದಕ್ಕುತ್ತಿದ್ದುದು ಅರ್ಧ. ಅಪ್ಪನಿಗೆ ಊಟ, ನೀರು, ಬಾ, ಹೋಗು ಬಿಟ್ಟು ಬೇರೇನೂ ಬಾರದು. ಅಕ್ಕನಿಗೆ ಏನಾದರೂ ಹೇಳುವುದಿದ್ದರೆ ಅಮ್ಮನನ್ನು ಕರೆಯುತ್ತಿದ್ದರು, ಅಮ್ಮ ಹೋದ ಮೇಲೆ ನನ್ನನ್ನು.

ಇಂಥ ಅಪ್ಪ ಅಕ್ಕನ ಮದುವೆಗೆ ಹುಡುಕಿ ಹುಡುಕಿ ದೊಡ್ಡ ನಾಗಸ್ವರದ ಮೇಳವನ್ನೇ ಗೊತ್ತು ಮಾಡಿದ್ದರು. ಹುಡುಗಿಗೂ ಕೇಳಿಸುವುದಿಲ್ಲ, ವರನಿಗೂ ಕೇಳಿಸುವುದಿಲ್ಲ, ಈ ಮೇಳ ಯಾರಿಗೆ ಎಂದು ಚಿಕ್ಕಪ್ಪ ಆಡಿಕೊಂಡಾಗ, “ಕೇಳೋರು ಕೇಳಲಿ ಬಿಡೋ. ನನ್ನ ಮಗಳ ಮದುವೆ ಮೂಕ ಮದುವೆ ಆಗಬಾರದು,” ಎಂದಿದ್ದರು. ಆ ಮಾತಿನಲ್ಲಿ ಇದ್ದದ್ದು ಪ್ರೀತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಿಮಗೆ ಅಪ್ಪನ ಮೇಲೆ ಸಿಟ್ಟು ಬರಬಹುದು. ನನಗಂತೂ ಬಂದಿತ್ತು.

ವಿಡಿಯೊದವನು ಮಾಂಗಲ್ಯಧಾರಣೆ ಮುಗಿಯುವವರೆಗೆ ಚೆನ್ನಾಗಿಯೇ ಓಡಾಡಿದ. ಹೋಮ ಶುರುವಾಗಿ ಜನ ಊಟದ ಪಂಕ್ತಿಗೆ ಎದ್ದಾಗ ಅವನಿಗೂ ಹಸಿವಾಯಿತು. ವಧೂವರರ ಬೆನ್ನ ಹಿಂದೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಅದರ ಪಾಡಿಗೆ ಅದನ್ನು ಓಡಲು ಬಿಟ್ಟು ಹೋಗಿ ಎಲೆ ಮುಂದೆ ಕೂತ. ಅವನು ಮಜ್ಜಿಗೆ ಅನ್ನ ಮುಗಿಸಿ, ಬೀಡಾ ಜಗಿಯುತ್ತ ವಾಪಸ್ಸು ಬರುವ ತನಕ ಕ್ಯಾಮೆರಾ ಕಂಡದ್ದು ಎರಡು ಬೆನ್ನು, ಹೋಮದ ಹೊಗೆ, ಹೊಗೆಯಾಚೆ ಕಂಬಕ್ಕೆ ಒರಗಿ ನಿಂತ ಅಮ್ಮ. ಕ್ಯಾಸೆಟ್ಟು ಮನೆಗೆ ಬಂದ ದಿನ ಎಲ್ಲರೂ ಸೇರಿ ನೋಡುವಾಗ ಆ ಭಾಗ ಬಂದ ಕೂಡಲೇ ಅಪ್ಪ ರಿಮೋಟು ಒತ್ತಿ ಓಡಿಸಿಬಿಟ್ಟರು. ಆಮೇಲೂ ಪ್ರತಿ ಸಲ ಹಾಗೆಯೇ. “ಬೆನ್ನು ನೋಡೋಕೆ ಯಾರು ಬರ್ತಾರೆ. ಪೋಗಟ್ಟುಂ, ಹೋಗಲಿ ಬಿಡು, ಮುಂದಕ್ಕೆ ಹೋಗು,” ಎನ್ನುತ್ತಿದ್ದರು. ಸ್ವಲ್ಪ ಕಾಲದಲ್ಲೇ ವಿ.ಸಿ.ಆರ್. ಕೆಟ್ಟಿತು. ಅಮ್ಮ ಕಾಯಿಲೆ ಬಿದ್ದಳು. ಕ್ಯಾಸೆಟ್ಟಿನ ಯೋಚನೆ ಯಾರಿಗೂ ಬರಲಿಲ್ಲ.

ಅದನ್ನು ಮತ್ತೆ ಕಪಾಟಿನಿಂದ ತೆಗೆದಾಗ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಸಮುದ್ರದ ಪಕ್ಕದ ಊರಿನಲ್ಲಿ ಉಪ್ಪಿನಕಾಯಿಗೇ ಬೂಷ್ಟು ತಪ್ಪುವುದಿಲ್ಲ, ಕ್ಯಾಸೆಟ್ಟಿನ ಪಾಡೇನು. ಟಿ.ವಿ. ರಿಪೇರಿಯವನೊಬ್ಬ ಒರೆಸಿ ಕೊಟ್ಟು, ಒಂದು ಸಲ ಓಡುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದ. ಆ ಒಂದು ಸಲದಲ್ಲೇ, ಸಾಲ ತಂದ ವಿ.ಸಿ.ಆರ್.ನಿಂದ ನಾನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಇಳಿಸಿಕೊಂಡ ಫೈಲು ಹಾರ್ಡ್ ಡಿಸ್ಕಿನ ಬಹುಪಾಲು ಜಾಗ ನುಂಗಿ, ಹಬ್ಬದೂಟ ಉಂಡವರ ಹಾಗೆ ಅಲ್ಲಾಡದೆ ಕೂತಿತು. ಅಪ್ಪನಿಗೆ ಅದೇ ಜಾಗದ ಮೇಲೆ ಕಣ್ಣು. ರೇಡಿಯೊದಿಂದ ಮುದ್ರಿಸಿಕೊಂಡ ಕಚೇರಿಗಳ ಕ್ಯಾಸೆಟ್ಟು ಅವರ ಹತ್ತಿರ ಪೆಟ್ಟಿಗೆಗಟ್ಟಲೆ ಇದ್ದವು, ಅವನ್ನೂ ಕಂಪ್ಯೂಟರಿಗೆ ಏರಿಸಬೇಕು ಎಂದು ಕಾಯುತ್ತಿದ್ದರು. ಮದುವೆಯನ್ನು ಚಿಕ್ಕದು ಮಾಡಿ ಸಿ.ಡಿ.ಗೆ ಹಾಕಿದ ಮರುದಿನ ದೊಡ್ಡ ಫೈಲು ಅಳಿಸುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿತ್ತು.

ಚಿಕ್ಕದು ಮಾಡುವ ತಂತ್ರಾಂಶ ಸಿಕ್ಕಿದ್ದು ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಉಚಿತ ಸಿ.ಡಿ.ಯಲ್ಲಿ. ಅದು ಸ್ವತಃ ಏನೂ ಮಾಡುವುದಿಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಕಾಲ ಹಿಡಿಯಿತು. ಉಡುಪಿ ಹೋಟೆಲಿನ ಸಪ್ಲೈಯರ್ ಇದ್ದಾನಲ್ಲ, ಹಾಗೆ. ನಗುನಗುತ್ತ ಎದುರಿಗೆ ನಿಂತು ಏನು ಬೇಕು, ಎಷ್ಟು ಬೇಕು ಎಂದು ಕೇಳುತ್ತದೆ. ನಾವು ಗುಂಡಿ ಒತ್ತಿ ಹೇಳಿದ್ದನ್ನು ಒಳಗೆ ಹೋಗಿ ಅಡುಗೆ ಭಟ್ಟನಿಗೆ ಕೂಗುತ್ತದೆ. ಬೇಯಿಸುವುದು, ಹಿಂಡುವುದು ಎಲ್ಲ ಒಳಗಿರುವ ಬೇರೆ ಬೇರೆ ಪ್ರೋಗ್ರಾಮುಗಳ ಕೆಲಸ. ಆ ಭಟ್ಟನ ಹತ್ತಿರ ನೇರವಾಗಿ ಮಾತಾಡಬೇಕಾದರೆ ಕಪ್ಪು ಪರದೆಯ ಮೇಲೆ ಉದ್ದುದ್ದ ಸಾಲು ಬರೆಯಬೇಕು, ಅದು ನನ್ನಂಥ ಆಡಿಟರ್ ಆಫೀಸಿನ ಗುಮಾಸ್ತೆಯ ಕೈಲಿ ಆಗುವುದಲ್ಲ. ಹಾಗಾಗಿ ನನಗೆ ಈ ಸಪ್ಲೈಯರ್ ಬಹಳ ಹಿಡಿಸಿದ.

ಅದರಲ್ಲಿ ಒಂದು ಲೆಕ್ಕದ ಕಿಟಕಿ ಇತ್ತು. ಸಿ.ಡಿ. ಇಷ್ಟು, ವಿಡಿಯೊ ಇಷ್ಟು ಹೊತ್ತಿನದು ಎಂದು ಹೇಳಿದರೆ, ಚಿತ್ರಕ್ಕೆ ಎಷ್ಟು ಪಾಲು, ಶಬ್ದಕ್ಕೆ ಎಷ್ಟು ಪಾಲು ಎಂದು ಹಂಚಿಕೊಡುತ್ತಿತ್ತು. ಒಂದನ್ನು ಏರಿಸಿದರೆ ಇನ್ನೊಂದು ಇಳಿಯಲೇಬೇಕು. ಅಪ್ಪ ಆರಾಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು.

“ಸೌಂಡ್‌ಗೆ ಜಾಸ್ತಿ ಕೊಡು. ನಾಗಸ್ವರ ತಗಡು ಬಡಿದ ಹಾಗೆ ಕೇಳಬಾರದು.”

“ಜಾಸ್ತಿ ಕೊಟ್ಟರೆ ಚಿತ್ರ ಮಸುಕಾಗತ್ತೆ ಅಪ್ಪ.”

“ಮುಖ ಗೊತ್ತಾದರೆ ಸಾಕು. ಯಾರ ಮದುವೆ ಅಂತ ನಮಗೆ ಗೊತ್ತಿಲ್ಲವಾ.”

ಕೊಟ್ಟೆ. ಒಟ್ಟು ಜಾಗದ ಮೂರರಲ್ಲೊಂದು ಪಾಲನ್ನು ನಾಗಸ್ವರ, ಡೋಲು, ಪುರೋಹಿತರ ಕೆಮ್ಮು ಹಂಚಿಕೊಂಡವು. ಗಟ್ಟಿಮೇಳದ ಹೊತ್ತಿಗೆ ಚಿತ್ರವೂ ಚೆನ್ನಾಗಿರಬೇಕು ಎಂದಾಯಿತು. ಅದಕ್ಕೆ ಜಾಗ ಎಲ್ಲಿಂದ ತರುವುದು? ತಂತ್ರಾಂಶದಲ್ಲಿ ಇನ್ನೊಂದು ಸೌಕರ್ಯವಿತ್ತು. ಸಿನಿಮಾದ ಕೊನೆಯಲ್ಲಿ ಹೆಸರುಗಳು ಓಡುತ್ತವಲ್ಲ, ಯಾರೂ ನೋಡದ ಭಾಗ, ಅದನ್ನು ಗುರುತು ಮಾಡಿ ತೋರಿಸಿದರೆ ಅಲ್ಲಿ ಮಾತ್ರ ಚೆನ್ನಾಗಿ ಹಿಂಡಿ, ಮಿಕ್ಕ ಜಾಗವನ್ನು ಬೇಕಾದ ಭಾಗಕ್ಕೆ ಕೊಡುತ್ತಿತ್ತು. ನಮ್ಮ ಮದುವೆಯಲ್ಲಿ ಹೆಸರುಗಳು ಓಡುವ ಭಾಗ ಯಾವುದು ಎಂದು ಅಪ್ಪನನ್ನು ಕೇಳಲೇಬೇಕಾಗಿರಲಿಲ್ಲ. ಬೆನ್ನಿನ ಭಾಗ. ಅದರ ಈ ತುದಿಗೊಂದು ಗುರುತು, ಆ ತುದಿಗೊಂದು ಗುರುತು ಹಾಕಿ, ಬೆಳಿಗ್ಗೆ ಗುಂಡಿ ಒತ್ತಿ ಆಫೀಸಿಗೆ ಹೋದೆ.

ಸಂಜೆ ಬರುವಷ್ಟರಲ್ಲಿ ಕೆಲಸ ಮುಗಿಯುವ ಹಂತದಲ್ಲಿತ್ತು. ದೂಳು ಬೀಳದಿರಲಿ ಎಂದು ಅಪ್ಪ ಕಂಪ್ಯೂಟರಿನ ಪೆಟ್ಟಿಗೆಗೆ ತಮ್ಮ ಮಡಿ ಪಂಚೆ ಹೊದಿಸಿಟ್ಟಿದ್ದರು. ಅದು ಒಳಗೇ ಬೆವರಿ ನಿಂತುಹೋಗದೆ ಇದ್ದದ್ದು ನಮ್ಮ ಪುಣ್ಯ. ಸಿ.ಡಿ. ಹಾಕಿ ನೋಡಿದೆವು. ಗಟ್ಟಿಮೇಳ ಬಂದಾಗ ಅಪ್ಪ ಕಣ್ಣು ಮುಚ್ಚಿ ತಲೆದೂಗಿದರು. ಚಿತ್ರ ನೋಡಲೇ ಇಲ್ಲ ಎಂಬುದು ಬೇರೆ ಮಾತು.

ಆ ವರ್ಷದ ನವರಾತ್ರಿಯಲ್ಲಿ ಬೊಂಬೆ ನೋಡಲು ಬಂದ ಬಂಧುಗಳಿಗೆಲ್ಲ ಕಡಲೆ ಉಸಲಿ, ತಾಂಬೂಲದ ಜೊತೆ ಒಂದೊಂದು ಸಿ.ಡಿ. ಕೊಟ್ಟೆವು. ಎಲ್ಲರೂ ಹೊಗಳಿದರು. ಅಂಗಡಿಯಲ್ಲಿ ಮಾಡಿಸಿದ ಹಾಗಿದೆ ಎಂದರು. ಅತ್ತೆಯ ಮಗನಂತೂ ನನ್ನ ನಂಬರನ್ನು ತನ್ನ ಸ್ನೇಹಿತರಿಗೆಲ್ಲ ಕೊಡುತ್ತೇನೆಂದು ಹೆದರಿಸಿದ. ನಾನು ಉಬ್ಬಿಹೋಗಿದ್ದೆ.

ಅಕ್ಕ ಬಂದದ್ದು ವಿಜಯದಶಮಿಯ ಮಧ್ಯಾಹ್ನ. ಊಟವಾದ ಮೇಲೆ ಹಾಲಿನಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತಳು. ಗಟ್ಟಿಮೇಳ, ಮಾಂಗಲ್ಯ, ಅಕ್ಷತೆ ಎಲ್ಲವನ್ನೂ ಸುಮ್ಮನೆ ನೋಡಿದಳು. ಹೋಮ ಬಂದ ಕೂಡಲೇ ಮುಂದಕ್ಕೆ ಬಾಗಿ ಪರದೆಗೆ ಮೂಗು ತಗುಲುವಷ್ಟು ಹತ್ತಿರ ಹೋದಳು. ಹಿಂದಕ್ಕೆ ಹಾಕಿ ನೋಡಿದಳು. ಮತ್ತೆ ಹಿಂದಕ್ಕೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಕೈಯಲ್ಲಿ ಹೇಳಿದಳು: ಅಮ್ಮ ತೊದಲುತ್ತಿದ್ದಾಳೆ.

ನನಗೆ ಅರ್ಥವಾಗಲಿಲ್ಲ. ಹೊಗೆ ಎಂದೆ.

ಹೊಗೆಯಲ್ಲ ಎಂದಳು. ಅಮ್ಮನಿಗೆ ಬೆರಳೇ ಇಲ್ಲವೆಂಬಂತೆ ತನ್ನ ಬೆರಳುಗಳನ್ನು ಮಡಿಸಿ ತೋರಿಸಿ, ಬಾಯಿತುಂಬ ಅವಲಕ್ಕಿ ಇಟ್ಟುಕೊಂಡು ಮಾತಾಡಿದ ಹಾಗಿದೆ ಎಂದಳು.

ನಾನೂ ಬಗ್ಗಿ ನೋಡಿದೆ. ಕಂಬಕ್ಕೆ ಒರಗಿದ ಅಮ್ಮನ ಸೊಂಟದ ಬಳಿ ಎರಡು ಕಣಕದ ಉಂಡೆಗಳು ಅಲ್ಲಾಡುತ್ತಿದ್ದವು. ಅವು ಅಮ್ಮನ ಕೈಗಳು. ಆ ಭಾಗಕ್ಕೆ ನಾವು ಬಿಟ್ಟುಕೊಟ್ಟಿದ್ದ ಚೂರುಪಾರು ಜಾಗವನ್ನೆಲ್ಲ ಸುರುಳಿ ಸುಳಿಯುವ ಹೊಗೆ ತಿಂದುಹಾಕಿ, ಬೆರಳುಗಳಿಗೆ ಏನೂ ಉಳಿದಿರಲಿಲ್ಲ. ಆ ಉಂಡೆಗಳು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅಮ್ಮ ಅಲ್ಲಿ ಸುಮ್ಮನೆ ನಿಂತಿರಲಿಲ್ಲ, ವಿಡಿಯೊದವನು ಊಟ ಮಾಡಿ ಬರುವಷ್ಟು ಹೊತ್ತೂ ಅಕ್ಕನ ಜೊತೆ ಮಾತಾಡುತ್ತಿದ್ದಳು. ಅಕ್ಕ ಕೂಡ, ಒಂದು ಕೈಯಲ್ಲಿ ಭಾವನವರ ತೋಳು ಮುಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಉತ್ತರ ಕೊಡುತ್ತಿದ್ದಳು. ಇದು ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಕ್ಕನಿಗೆ ಏನು ಬೇಕಾಗಿತ್ತು ಎಂಬುದನ್ನು ಅವಳು ಆಗ ಹೇಳಿದಳು. ಹೋಮದ ಕೊನೆಯಲ್ಲಿ ಅಮ್ಮ ಅವಳಿಗೆ ಒಂದು ಪ್ರಶ್ನೆ ಕೇಳಿದ್ದಳಂತೆ. ಪ್ರಶ್ನೆ ನೆನಪಿದೆ. ತಾನು ಅದಕ್ಕೆ ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಕಣ್ಣಲ್ಲಿ ಹೊಗೆ, ತಲೆ ಮೇಲೆ ಹೂವಿನ ಭಾರ, ಪಕ್ಕದಲ್ಲಿ ಹೊಸ ಗಂಡ. ಮುಂದೆ ಯಾವಾಗಲಾದರೂ ಅಮ್ಮನನ್ನೇ ಕೇಳೋಣವೆಂದುಕೊಂಡಿದ್ದಳು. ಅಷ್ಟರಲ್ಲಿ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಆಮೇಲೆ ಎಡಗೈಯೂ ಸೋತಿತು. ಕೊನೆಯ ತಿಂಗಳುಗಳಲ್ಲಿ ಅಮ್ಮ ನಮ್ಮ ಹತ್ತಿರ ಬಾಯಲ್ಲಿ ನಾಲ್ಕು ಮಾತಾಡುತ್ತಿದ್ದಳು, ಅಕ್ಕನ ಹತ್ತಿರ ಒಂದೂ ಆಡಲಾಗುತ್ತಿರಲಿಲ್ಲ.

ಏನು ಪ್ರಶ್ನೆ ಎಂದು ಕೇಳಿದೆ. ಮೊದಲು ಸರಿ ಮಾಡು, ಆಮೇಲೆ ಹೇಳುತ್ತೇನೆ ಎಂದಳು.

ದೊಡ್ಡ ಫೈಲು ಇನ್ನೂ ಇತ್ತು. ನವರಾತ್ರಿಯ ಗಡಿಬಿಡಿಯಲ್ಲಿ ನಾನದನ್ನು ಅಳಿಸಿರಲಿಲ್ಲ. ನನ್ನ ಸೋಮಾರಿತನಕ್ಕೆ ಅಂಥ ಒಳ್ಳೆಯ ಫಲ ಅದರ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ಅಪ್ಪ ಮಾತ್ರ ಆಗಲೇ ಕ್ಯಾಸೆಟ್ಟಿನ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿ, ಒಂದೊಂದನ್ನೂ ಒರೆಸಿ ಸಾಲಾಗಿ ಜೋಡಿಸಿಟ್ಟಿದ್ದರು.

“ಮದುವೆ ಮುಗೀತಲ್ಲ. ಇನ್ನೂ ಯಾಕೆ ಅಳಿಸಿಲ್ಲ?” ಎಂದು ಕೇಳಿದರು.

“ಆ ಬೆನ್ನಿನ ಭಾಗ ಇನ್ನೊಂದು ಸಲ ಮಾಡಬೇಕು. ಅಕ್ಕ ಕೇಳ್ತಿದಾಳೆ.”

“ಅದರಲ್ಲಿ ಏನಿದೆ? ನಾಗಸ್ವರ ಕೂಡ ನಿಂತುಹೋಗಿರತ್ತೆ ಆವಾಗ.”

“ಅಮ್ಮ ಇದಾಳೆ.”

“ಅವಳು ಇಡೀ ಮದುವೇಲಿ ಇದಾಳೆ,” ಎಂದರು ಅಪ್ಪ. “ಸರಿ, ದೀಪಾವಳಿ ತನಕ ಇಟ್ಟುಕೊ. ಆಮೇಲೆ ನನ್ನ ಕಚೇರಿಗಳಿಗೆ ಜಾಗ ಬೇಕು.”

ನನಗೆ ಮೈ ಉರಿಯಿತು. ಅಪ್ಪನ ಪೆಟ್ಟಿಗೆಯಲ್ಲಿರುವ ಕಚೇರಿಗಳನ್ನು ರೇಡಿಯೊದವರು ಮತ್ತೆ ಮತ್ತೆ ಹಾಕುತ್ತಲೇ ಇರುತ್ತಾರೆ, ಅಮ್ಮನನ್ನು ಯಾವ ನಿಲಯದವರೂ ಹಾಕುವುದಿಲ್ಲ. ಇದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಪ್ಪನ ಎದುರು ಸಿಟ್ಟು ನುಂಗುವುದನ್ನು ಅಮ್ಮನಿಂದ ಕಲಿತಿದ್ದೆ.

ಅಲ್ಲಿಂದ ಮುಂದೆ ಭಾನುವಾರ ಬೆಳಗಾದರೆ ಅಕ್ಕ ಬಸ್ಸು ಹತ್ತಿ ಬರುತ್ತಿದ್ದಳು. ಕಣ್ಣು ಅವಳದು, ಮೌಸು ನನ್ನದು. ಸಣ್ಣ ತುಂಡು ಮಾಡಿ ತೋರಿಸುತ್ತಿದ್ದೆ, ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಜಾಗದ ಕೊರತೆ ಈಗ ಇರಲಿಲ್ಲ, ಆ ಒಂದು ಭಾಗಕ್ಕೆ ಒಂದು ಸಿ.ಡಿ. ಪೂರ್ತಿ ಕೊಡಬಹುದಾಗಿತ್ತು. ಆದರೂ ಅಮ್ಮನ ಬೆರಳು ನೆಟ್ಟಗಾಗಲಿಲ್ಲ. ಹಳೆಯ ಟೇಪಿನ ಮಚ್ಚೆ ತೆಗೆಯುತ್ತದೆಂದು ಪತ್ರಿಕೆಯಲ್ಲಿ ಓದಿ ಒಂದು ಶೋಧಕ, ಅಂದರೆ ಫಿಲ್ಟರ್, ಹಾಕಿದ್ದೆ. ಅದು ಮಚ್ಚೆಯನ್ನೂ ಬೆರಳನ್ನೂ ಒಂದೇ ಎಂದು ತಿಳಿದು ಎರಡನ್ನೂ ತೊಳೆಯುತ್ತಿತ್ತು. ತೆಗೆದೆ. ಅಮ್ಮನ ಹಿಂದಿನ ಗೋಡೆ ಕೊಳಕಾಯಿತು, ಕೈ ಸ್ವಲ್ಪ ತಿಳಿಯಾಯಿತು. ಅಕ್ಕ ಅರ್ಧ ಒಪ್ಪಿ ತಲೆಯಾಡಿಸಿದಳು.

ಆಮೇಲೆ ಚಿತ್ರವನ್ನು ಕತ್ತರಿಸುವ ಯೋಚನೆ ಬಂತು. ನಾಲ್ಕು ಅಂಚುಗಳನ್ನು ಎಳೆದು ಬೇಡದ್ದನ್ನು ಹೊರಗಿಡಬಹುದಿತ್ತು. ಹೊಗೆಯನ್ನು ಆದಷ್ಟು ಹೊರಗಿಟ್ಟೆ. ಪುರೋಹಿತರನ್ನು ಹೊರಗಿಟ್ಟೆ. ಭಾವನವರು ತಮ್ಮ ಮದುವೆಯಿಂದಲೇ ಹೊರಗಾದರು. ಅಕ್ಕನ ಬೆನ್ನಿಗೆ ಬಂದಾಗ ಕೈ ತಡೆದೆ. ನನ್ನದೂ ತೆಗೆ, ನಾನು ಹೇಗಿದ್ದೇನೆ ಅಂತ ನನಗೆ ಗೊತ್ತು ಎಂದಳು. ಇನ್ನೇನು ತೆಗೆಯಬೇಕು, ನನ್ನ ಮಣಿಕಟ್ಟು ಹಿಡಿದು ತಡೆದಳು. ಬಿಡುವಾಗಿದ್ದ ಆ ಕೈ ಇರಬೇಕು, ಕಿವಿಯವರೆಗೂ ಇರಬೇಕು ಎಂದಳು. ಹಾಗಾಗಿ ಒಂದು ಮಗ್ಗುಲಿನ ಅಕ್ಕ ಉಳಿದಳು.

ಆದರೂ ಅಮ್ಮ ವೇಗವಾಗಿ ಮಾತಾಡುವಾಗಲೆಲ್ಲ ಒಂದು ಕೈ ಎರಡಾಗಿ ಕಾಣುತ್ತಿತ್ತು. ಅದಕ್ಕೆ ಕಾರಣ ತಿಳಿಯಲು ನಾನು ಬ್ರೌಸಿಂಗ್ ಸೆಂಟರಿಗೆ ಹೋಗಿ ಕೂತು ಓದಬೇಕಾಯಿತು. ಟಿ.ವಿ.ಗೆಂದು ತೆಗೆದ ವಿಡಿಯೊದಲ್ಲಿ ಒಂದೊಂದು ಚಿತ್ರದ ಒಳಗೂ ಎರಡು ಕ್ಷಣಗಳನ್ನು ಸಾಲು ಬಿಟ್ಟು ಸಾಲು ಹೆಣೆದಿರುತ್ತಾರೆ. ನಮ್ಮ ಸಪ್ಲೈಯರ್ ಅವೆರಡನ್ನೂ ಕಲಸಿ ಒಂದು ಮಾಡಿ ಬಡಿಸುತ್ತಿದ್ದ. ಎರಡನ್ನೂ ಬಿಡಿಸಿ ಬೇರೆಬೇರೆಯಾಗಿ ಕೊಡು ಎಂದು ಕೇಳುವ ದಾರಿಯೂ ಇತ್ತು, ಒಂದು ಮೂಲೆಯ ಪಟ್ಟಿಯಲ್ಲಿ, ಯಾರೂ ತೆರೆಯದ ಜಾಗದಲ್ಲಿ. ಕೇಳಿದೆ. ಶಬ್ದವನ್ನು ಪೂರ್ತಿ ಬಿಟ್ಟುಬಿಡು ಎಂದೂ ಹೇಳಿದೆ, ಯಾಕೆಂದರೆ ಚಿತ್ರಗಳ ಸಂಖ್ಯೆ ದುಪ್ಪಟ್ಟಾದ ಮೇಲೆ ಶಬ್ದ ಅದರ ಜೊತೆ ಹೊಂದಿಕೊಳ್ಳದೆ ತಕರಾರು ಮಾಡುತ್ತಿತ್ತು.

ದೀಪಾವಳಿಗೆ ಮುಂಚಿನ ಭಾನುವಾರ ಬೆಳಿಗ್ಗೆ ಅದನ್ನು ಅಕ್ಕನಿಗೆ ಹಾಕಿ ತೋರಿಸಿದೆ. ಅಪ್ಪ ಆರಾಮ ಕುರ್ಚಿಯಲ್ಲಿ ರೇಡಿಯೊ ಹಚ್ಚಿಕೊಂಡು ಕೂತಿದ್ದರು. ಪರದೆಯ ಮೇಲೆ ಅಮ್ಮ ಕಂಬಕ್ಕೆ ಒರಗಿದ್ದಳು. ಕೈ ಎತ್ತಿದಳು. ಬೆರಳುಗಳು ಬಿಡಿಬಿಡಿಯಾಗಿ ಒಂದೊಂದೂ ಕಂಡವು. ಅಕ್ಕ ಗಟ್ಟಿಯಾಗಿ ನಕ್ಕಳು. ಅವಳ ನಗು ಯಾವಾಗಲೂ ಜೋರು.

ಅಪ್ಪ ರೇಡಿಯೊ ಸಣ್ಣದು ಮಾಡಿ ಈಚೆ ತಿರುಗಿದರು. “ಸೌಂಡ್ ಎಲ್ಲಿ?”

“ಇದಕ್ಕೆ ಸೌಂಡ್ ಇಲ್ಲ ಅಪ್ಪ.”

“ಮತ್ತೆ ಅವಳು ಯಾತಕ್ಕೆ ನಗ್ತಾಳೆ?”

ಅಕ್ಕನನ್ನು ಕೇಳಿದೆ. ಅವಳು ಅಮ್ಮನ ಮಾತನ್ನು ನನಗೆ ನಿಧಾನವಾಗಿ ಕೈಯಲ್ಲಿ ಹೇಳಿದಳು, ನಾನು ಅಪ್ಪನಿಗೆ ಬಾಯಲ್ಲಿ ಹೇಳಿದೆ. ಪುರೋಹಿತರು ಹೋಮಕ್ಕೆ ತುಪ್ಪವನ್ನು ತೊಟ್ಟು ತೊಟ್ಟಾಗಿ ಹಾಕುತ್ತಿದ್ದಾರೆ, ಮಿಕ್ಕದ್ದು ಅವರ ಮನೆಗೆ. ನಿನ್ನ ಅತ್ತೆ ಆಗಲೇ ಎಲೆ ಮುಂದೆ ಕೂತರು, ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಬೆನ್ನು ನೆಟ್ಟಗೆ ಮಾಡು. ಸೆರಗಿಗೆ ಕಿಡಿ ಬೀಳುತ್ತೆ ನೋಡಿಕೊ. ನಿನ್ನ ಚಿಕ್ಕಪ್ಪ ನಿದ್ದೆ ಮಾಡುತ್ತಿದ್ದಾರೆ, ಬಾಯಿ ತೆರೆದಿದೆ, ನಗಬೇಡ.

ಅಪ್ಪ ರೇಡಿಯೊ ಆರಿಸಿ ಎದ್ದು ಬಂದು ನಮ್ಮ ಹಿಂದೆ ನಿಂತರು. ಚಿಕ್ಕಪ್ಪನ ಬಾಯಿಯ ವಿಷಯಕ್ಕೆ ಅವರಿಗೂ ನಗು ಬಂತು. “ಇಷ್ಟೆಲ್ಲ ಮಾತಾಡ್ತಿದ್ದಳಾ ಇವಳು,” ಎಂದರು. ಅಮ್ಮ ಅಷ್ಟು ತಮಾಷೆಯ ಹೆಂಗಸು ಎಂದು ನನಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದ ಅಮ್ಮ ಹೂಂ ಎನ್ನುವವಳು.

ಆಮೇಲೆ ಅಕ್ಕ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದಳು. ಪರದೆಯಲ್ಲಿ ಅಮ್ಮ ಅತ್ತಿತ್ತ ನೋಡಿ, ಸೆರಗು ಸರಿಮಾಡಿಕೊಂಡು, ಸಣ್ಣದಾಗಿ ಏನೋ ಕೇಳಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಚಿತ್ರದ ಅಂಚಿನಲ್ಲಿದ್ದ ಆ ಬಿಡುವಾದ ಕೈ ಮೇಲೆದ್ದು ಕಿವಿಯ ಹತ್ತಿರ ಹೋಗಿ ನಿಂತಿತು. ಅಮ್ಮ ಅದನ್ನು ನೋಡಿದವಳೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕುಬಿಟ್ಟಳು. ಹೆಗಲು ಕುಲುಕುವಷ್ಟು ನಕ್ಕಳು.

ಅಕ್ಕ ಕುರ್ಚಿಗೆ ಒರಗಿದಳು. ಉತ್ತರ ಕೊಟ್ಟಿದ್ದೆ ಎಂದಳು. ಅವಳ ಮುಖದಲ್ಲಿ ಎಷ್ಟೋ ವರ್ಷದ ಭಾರ ಇಳಿದ ಹಾಗಿತ್ತು.

“ಏನಂದಳು? ಯಾಕೆ ನಕ್ಕಳು?” ಅಪ್ಪ ಕೇಳಿದರು.

ಅಕ್ಕ ನನ್ನನ್ನು ನೋಡಿದಳು. ಹೇಳಲಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಹೇಳು ಎಂದಳು. ಅಮ್ಮನ ಮಾತನ್ನು ಅವಳು ನನಗೆ ಕೈಯಲ್ಲಿ ಹೇಳಿದಳು. ಅದನ್ನು ಬಾಯಲ್ಲಿ ಹೇಳುವಾಗ ಬೇರೆ ಏನಾದರೂ ಕಟ್ಟಿ ಹೇಳಿಬಿಡೋಣ ಎಂದು ಒಂದು ಸಲ ಅನ್ನಿಸಿತು. ಹಾಗೆ ಮಾಡಲಿಲ್ಲ. ಅಮ್ಮನ ಬೆರಳು ಅಷ್ಟು ಕಷ್ಟಪಟ್ಟು ನೆಟ್ಟಗಾಗಿದ್ದವು, ನಾನು ತೊದಲಬಾರದಿತ್ತು.

“ನಾಳೆಯಿಂದ ಈ ಮನೇಲಿ ನಾನು ಯಾರ ಹತ್ತಿರ ಮಾತಾಡಲಿ ಅಂತ ಅಮ್ಮ ಕೇಳಿದಳಂತೆ.”

ಅಪ್ಪ ಪರದೆಯನ್ನೇ ನೋಡುತ್ತಿದ್ದರು. “ಇವಳು ಏನಂದಳು?”

“ಅಪ್ಪನ ಹತ್ತಿರ ಅಂದಳಂತೆ. ಕಿವಿ ಮುಟ್ಟಿದರೆ ಅವರ ಕೈಮಾತಲ್ಲಿ ಅಪ್ಪ ಅಂತ. ನೀವು ರೇಡಿಯೊ ಕಿವಿಗಿಟ್ಟುಕೊಳ್ತೀರಲ್ಲ, ಅದಕ್ಕೆ.”

“ಅದಕ್ಕೆ ಅವಳು ನಕ್ಕಳಾ?”

“ಹೂಂ.”

ಆ ಮನೆಯಲ್ಲಿ ನಾನೂ ಇದ್ದೆ. ಅಕ್ಕನಿಗೆ ನನ್ನ ನೆನಪೂ ಬರಲಿಲ್ಲ, ಅಮ್ಮನಿಗೂ ಬರಲಿಲ್ಲ. ಅದು ನನಗೆ ಈಗಲೂ ನೋಯುತ್ತದೆ. ಆದರೆ ಆ ಹೊತ್ತಿನಲ್ಲಿ ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಪರದೆಯಲ್ಲಿ ಅಮ್ಮ ಇನ್ನೂ ನಗುತ್ತಿದ್ದಳು.

“ನಾನು ಮನೇಲೇ ಇದ್ನಲ್ಲ,” ಎಂದರು ಅಪ್ಪ. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

ಅಪ್ಪನ ತುಟಿ ಅಲ್ಲಾಡಿದ್ದನ್ನು ಕಂಡು ಏನೆಂದರು ಎಂದು ಅಕ್ಕ ಕೇಳಿದಳು. ಹೇಳಿದೆ. ಅವಳು ತಿರುಗಿ ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. ಇದ್ದರು ಅಂತ ಹೇಳು ಎಂದಳು.

ನಾನು ಹೇಳಿದೆ.